ವಯಸ್ಕರಿಗೆ ಉನ್ನತ ಮಟ್ಟದ ಇಟಾಲಿಯನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಬಿಜೈಯಲ್ಲಿ ವಾರಕ್ಕೆ ಎರಡು ಸಂಜೆ ನಾನು ನಡೆಸುವ ಇಟಾಲಿಯನ್ ಪಾಠಕ್ಕೆ ಬರುವವರು ಭಾಷೆಯನ್ನು ಹೊಸದಾಗಿ ಆರಂಭಿಸುವವರಲ್ಲ. ರೋಮ್‌ನಲ್ಲಿ ಓದಿ ಬಂದ ಪಾದ್ರಿಗಳು ಮತ್ತು ಸಿಸ್ಟರ್‌ಗಳು, ಇಟಲಿಯ ಕ್ರೂಸ್ ಹಡಗುಗಳಲ್ಲಿ ದುಡಿದವರು, ಮಲ್ಪೆಯಿಂದ ಬೊಂಡಾಸ್ (ಸ್ಕ್ವಿಡ್) ರಫ್ತು ಮಾಡುವ ಕಚೇರಿಗಳವರು, ಮಣಿಪಾಲದ ಓದು ಮುಗಿಸಿ ಮಿಲಾನೊ ಅಥವಾ ತೊರಿನೊಗೆ ಹೊರಟವರು, ನಿವೃತ್ತಿಯ ನಂತರ ಆಸೆಗಾಗಿ ಕಲಿಯುವವರು ಅಲ್ಲಿರುತ್ತಾರೆ. ಎಲ್ಲರಿಗೂ ಭಾಷೆ ಒಂದು ಹಂತದವರೆಗೆ ಬಂದಿದೆ, ಅಲ್ಲಿಂದ ಮುಂದಕ್ಕೆ ಕದಲುತ್ತಿಲ್ಲ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಪ್ರತಿಸಲವೂ ಬಾಯಲ್ಲಿ ಹೇಳುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಉನ್ನತ ಮಟ್ಟ ಎಂದರೆ ನಿಖರವಾಗಿ ಯಾವುದು?

ಯುರೋಪಿನ ಭಾಷೆಗಳ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುವ ಪದ್ಧತಿಯಿದೆ. ಬಿ2 ದಾಟಿದ ಮೇಲಿನದನ್ನು, ಅಂದರೆ ಸಿ1 ಮತ್ತು ಸಿ2 ಮಟ್ಟಗಳನ್ನು, ಉನ್ನತ ಎನ್ನುತ್ತಾರೆ. ಬಿ2 ಬಂದವರು ತಮಗೆ ಬೇಕಾದದ್ದನ್ನು ಹೇಳಬಲ್ಲರು. ಸಿ1 ಬಂದವರು ಅದನ್ನೇ ವಕೀಲರಿಗೆ ಒಂದು ರೀತಿ, ಪಕ್ಕದ ಮನೆಯವರಿಗೆ ಇನ್ನೊಂದು ರೀತಿ ಹೇಳಬಲ್ಲರು. ನನ್ನ ಅನುಭವದಲ್ಲಿ ಬಿ2ರಿಂದ ಸಿ1ಕ್ಕೆ ಹೋಗುವ ದಾರಿಯೇ ಎಲ್ಲಕ್ಕಿಂತ ಉದ್ದವಾದದ್ದು, ಏಕೆಂದರೆ ಇಲ್ಲಿ ನಿಮ್ಮ ತಪ್ಪುಗಳಿಂದ ಕೆಲಸವೇನೂ ಕೆಡುವುದಿಲ್ಲ. ನೀವು ತಪ್ಪಾಗಿ ಹೇಳಿದರೂ ಎದುರಿನವರಿಗೆ ಅರ್ಥವಾಗುತ್ತದೆ, ಅವರು ಸೌಜನ್ಯದಿಂದ ಸುಮ್ಮನಿರುತ್ತಾರೆ, ಹಾಗಾಗಿ ತಪ್ಪು ಹಾಗೆಯೇ ಗಟ್ಟಿಯಾಗುತ್ತದೆ.

ನನಗೆ ಐವತ್ತು ದಾಟಿದೆ. ತಡವಾಯಿತೇ?

ಇಲ್ಲ. ಇದಕ್ಕೆ ಊರಿನಲ್ಲಿಯೇ ಉದಾಹರಣೆಯಿದೆ, ಅದೂ ತಿರುವುಮುರುವಾಗಿ. ಇಟಲಿಯ ಮಾತಿನ ಸೀಮೆಯಿಂದ ಬಂದ ಜೆಸುವಿಟ್ ಪಾದ್ರಿ ಆಂಜೆಲೊ ಮಾಫೆಯಿ ಕೊಂಕಣಿ ಕಲಿತದ್ದು ವಯಸ್ಕರಾದ ಮೇಲೆ, ಕಲಿಸಲು ಸರಿಯಾದ ಪಠ್ಯವೇ ಇಲ್ಲದ ಕಾಲದಲ್ಲಿ. ಅವರ ಕೊಂಕಣಿ ವ್ಯಾಕರಣ 1882ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು, ಮರುವರ್ಷ ನಿಘಂಟು ಬಂತು. ವಯಸ್ಸಾದಂತೆ ಹೊಸ ಶಬ್ದಗಳು ನೆನಪಿನಲ್ಲಿ ನಿಲ್ಲಲು ಹೆಚ್ಚು ಸಮಯ ಹಿಡಿಯುತ್ತದೆ ಎಂಬುದು ನಿಜ. ಆದರೆ ಉನ್ನತ ಮಟ್ಟದಲ್ಲಿ ಬೇಕಾಗುವುದು ಮಾತಿನ ಹದ, ವಾದದ ಜೋಡಣೆ, ಯಾವ ಮಾತನ್ನು ಎಲ್ಲಿ ಆಡಬಾರದು ಎಂಬ ತಿಳಿವಳಿಕೆ. ಇವು ಇಪ್ಪತ್ತರ ಹುಡುಗರಿಗಿಂತ ಐವತ್ತರವರಿಗೆ ಬೇಗ ಒದಗುತ್ತವೆ.

ಹತ್ತು ವರ್ಷ ಹಡಗಿನಲ್ಲಿ ಇಟಾಲಿಯನ್ನರ ಜೊತೆಗೇ ಮಾತಾಡಿದ್ದೇನೆ. ನಾನು ನೇರವಾಗಿ ಸಿ1 ಪರೀಕ್ಷೆಗೆ ಕೂರಬಹುದೇ?

ಕೂರಬಹುದು, ಆದರೆ ಅದಕ್ಕೆ ಮೊದಲು ಒಂದು ಪುಟ ಬರೆದು ನೋಡಿ. ಹಡಗಿನ ಇಟಾಲಿಯನ್ ಬಲು ಚುರುಕಾದದ್ದು. ಅಡುಗೆಮನೆಯ ಮುಖ್ಯಸ್ಥನ ಬೈಗುಳದಿಂದ ಹಿಡಿದು ಪ್ರಯಾಣಿಕರ ಗೊಣಗಾಟದವರೆಗೆ ಎಲ್ಲವೂ ಕಿವಿಗೆ ಬಿದ್ದಿರುತ್ತದೆ, ಹೀಗಾಗಿ ಕೇಳುವ ಪರೀಕ್ಷೆಯಲ್ಲಿ ಇಂಥವರನ್ನು ಮೀರಿಸುವವರಿಲ್ಲ. ಆದರೆ ಆ ಭಾಷೆಯಲ್ಲಿ ಕ್ರಿಯಾಪದ ವರ್ತಮಾನಕಾಲದಲ್ಲಿಯೇ ಓಡುತ್ತದೆ, ವಾಕ್ಯ ಎಂಟು ಪದ ದಾಟುವುದಿಲ್ಲ, ಎಲ್ಲರನ್ನೂ 'ತು', ಅಂದರೆ 'ನೀನು', ಎಂದೇ ಕರೆಯುವುದು ವಾಡಿಕೆ. ನನ್ನ ವರ್ಗದಲ್ಲಿದ್ದ ಒಬ್ಬ ಹಿರಿಯರು ಮಾತಿನಲ್ಲಿ ನನಗಿಂತ ನಿರರ್ಗಳ. ಅವರೇ ಬ್ಯಾಂಕಿಗೊಂದು ದೂರಿನ ಪತ್ರ ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿಯೇ ಮ್ಯಾನೇಜರನ್ನು 'ಲೇ ಮಾರಾಯ' ಎಂಬ ಧಾಟಿಯಲ್ಲಿ ಕರೆದುಬಿಟ್ಟಿದ್ದರು. ಇಂಥವರು ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಓದಬೇಕಾಗಿಲ್ಲ. ಓದುವುದು ಮತ್ತು ಬರೆಯುವುದು, ಈ ಎರಡನ್ನು ಒಂದು ವರ್ಷ ಹಿಡಿದರೆ ಸಾಕಾಗುತ್ತದೆ.

ನಮ್ಮ ಪಠ್ಯಪುಸ್ತಕಗಳು, ಆ್ಯಪ್‌ಗಳು ಎಲ್ಲವೂ ಇಂಗ್ಲಿಷಿನ ಮೂಲಕ ಕಲಿಸುತ್ತವೆ. ಕನ್ನಡದ ಮೂಲಕ ಕಲಿಯುವುದರಿಂದ ಲಾಭವಿದೆಯೇ?

ಇದೆ. ಈ ಪುಟದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯವೂ ಇದೇ. ಮನಸ್ಸಿನಲ್ಲಿ ಕನ್ನಡ, ತುಳು, ಕೊಂಕಣಿಗಳನ್ನು ಇಟ್ಟುಕೊಂಡವರು ಇಟಾಲಿಯನ್ ಭಾಷೆಗೆ ಇಂಗ್ಲಿಷಿನ ಸುತ್ತುದಾರಿಯಲ್ಲಿ ಹೋಗುತ್ತಾರೆ, ಆ ದಾರಿಯಲ್ಲಿ ಸಿಗುವ ಕಷ್ಟಗಳೆಲ್ಲ ಇಂಗ್ಲಿಷಿನವರ ಕಷ್ಟಗಳೇ ಹೊರತು ನಮ್ಮವಲ್ಲ.

'ಮಿ ಪಿಯಾಚೆ' ಎಂಬ ಪ್ರಯೋಗವನ್ನು ತೆಗೆದುಕೊಳ್ಳಿ. ಇಷ್ಟಪಡುವವನು ಕರ್ತೃವಾಗದೆ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುವುದು ಹೇಗೆ ಎಂದು ವಿವರಿಸಲು ಇಂಗ್ಲಿಷ್ ಪಠ್ಯಗಳು ಹಲವು ಪುಟ ತೆಗೆದುಕೊಳ್ಳುತ್ತವೆ. 'ನನಗೆ ಇಷ್ಟ' ಎಂದು ಹುಟ್ಟಿನಿಂದ ಹೇಳುತ್ತ ಬಂದವರಿಗೆ ಅದರಲ್ಲಿ ವಿವರಿಸುವುದೇನಿದೆ? 'ಮಿ ಸೆಂಬ್ರಾ' ಎಂದರೆ ನನಗೆ ಅನ್ನಿಸುತ್ತದೆ, 'ಮಿ ಸೆರ್ವೆ' ಎಂದರೆ ನನಗೆ ಬೇಕು, 'ಮಿ ದಿಸ್ಪಿಯಾಚೆ' ಎಂದರೆ ನನಗೆ ಬೇಸರ; ವಿಭಕ್ತಿಯ ಸಮೇತ ಹೊಂದುತ್ತದೆ. 'ವೆಂಗೊ' ಎಂಬಲ್ಲಿ 'ನಾನು' ಎಂಬುದು ಕ್ರಿಯಾಪದದ ಬಾಲದಲ್ಲಿಯೇ ಅಡಗಿರುವುದು 'ಬರುತ್ತೇನೆ' ಎಂಬುದರಲ್ಲಿ ಇರುವಂತೆಯೇ. ಆದರೂ ನಮ್ಮವರು ಪ್ರತಿ ವಾಕ್ಯಕ್ಕೂ 'ಇಯೊ, ಇಯೊ' ಎಂದು 'ನಾನು'ವನ್ನು ಅಂಟಿಸುತ್ತಾರೆ. ಅದು ಇಂಗ್ಲಿಷಿನಿಂದ ಹತ್ತಿದ ಚಾಳಿ.

ಇನ್ನೂ ಸೂಕ್ಷ್ಮವಾದದ್ದು 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದ. 'ಲವಾರ್ಸಿ' ಎಂದರೆ ತೊಳೆದುಕೊಳ್ಳುವುದು ಎಂಬುದು ಆರಂಭದ ಪಾಠದಲ್ಲಿಯೇ ಬರುತ್ತದೆ. ಆದರೆ 'ಮಿ ಸೊನೊ ಮಂಜಾತೊ ಉನಾ ಪೀತ್ಸಾ' ಎಂಬಲ್ಲಿನ 'ಮಿ' ಏಕೆ ಬೇಕು ಎಂಬುದು ಉನ್ನತ ಮಟ್ಟದ ಪ್ರಶ್ನೆ. ಪಿಜ್ಜಾ ತಿಂದೆ ಎನ್ನುವುದಕ್ಕೂ ಒಂದು ಪಿಜ್ಜಾ ತಿಂದುಕೊಂಡೆ ಎನ್ನುವುದಕ್ಕೂ ಕನ್ನಡದಲ್ಲಿ ಇರುವ ಅಂತರ, ತನ್ನ ಪಾಡಿಗೆ ತಾನು ಮಾಡಿಕೊಂಡ ಆ ಸುಖ, ಅಲ್ಲಿಯೂ ಅದೇ. ಇಂಗ್ಲಿಷಿನಲ್ಲಿ ಇದನ್ನು ಹೇಳಿಕೊಡಲು ನಾನು ಎರಡು ವರ್ಷ ಒದ್ದಾಡಿದ್ದೆ. ಕನ್ನಡದಲ್ಲಿ ಒಂದು ವಾಕ್ಯ ಸಾಕಾಯಿತು.

ಉಚ್ಚಾರವನ್ನು ಸರಿಪಡಿಸುವುದು ಹೇಗೆ? ಎಷ್ಟು ವರ್ಷವಾದರೂ ಅವರು ಮೊದಲ ವಾಕ್ಯದಲ್ಲಿಯೇ ವಿದೇಶಿ ಎಂದು ಗುರುತಿಸುತ್ತಾರೆ.

ಮೊದಲನೆಯದಾಗಿ, 'ತ' ಮತ್ತು 'ದ' ಅಕ್ಷರಗಳನ್ನು ಹಲ್ಲಿಗೆ ತನ್ನಿ. ಇಂಗ್ಲಿಷ್ ಶಾಲೆಯಲ್ಲಿ ಓದಿದವರೆಲ್ಲ 'ಟುಟ್ಟಿ' ಎನ್ನುತ್ತಾರೆ. ಅದು 'ತುತ್ತಿ'; ನಮ್ಮ 'ತುತ್ತು' ಎಂಬುದರ 'ತು' ಅದೇ. 'ಪ', 'ತ', 'ಕ'ಗಳಲ್ಲಿ ಮಹಾಪ್ರಾಣದ ಉಸಿರೂ ಬೇಡ.

ಎರಡನೆಯದು ಒತ್ತಕ್ಷರ. 'ಕಾಸಾ' ಎಂದರೆ ಮನೆ, 'ಕಾಸ್ಸಾ' ಎಂದರೆ ಹಣ ಕಟ್ಟುವ ಕೌಂಟರು. 'ಕಾರೊ' ಎಂದರೆ ಪ್ರಿಯ, 'ಕಾರ್ರೊ' ಎಂದರೆ ಗಾಡಿ. ಅನೇಕ ಭಾಷೆಗಳವರಿಗೆ ಈ ವ್ಯತ್ಯಾಸ ಕಿವಿಗೇ ಬೀಳುವುದಿಲ್ಲ. ಕತೆ ಮತ್ತು ಕತ್ತೆ, ಬಳಿ ಮತ್ತು ಬಳ್ಳಿ, ಎಲೆ ಮತ್ತು ಎಲ್ಲೆಗಳನ್ನು ಬೇರೆಬೇರೆಯಾಗಿ ಕೇಳುವ ನಮಗೆ ಇದು ದೊಡ್ಡ ಮಾತಲ್ಲ. ಮಾತಿನಲ್ಲಿ ಸರಿಯಾಗಿ ಹೇಳುವವರು ಬರೆಯುವಾಗ ಒಂದು ಅಕ್ಷರ ನುಂಗುತ್ತಾರೆ. ಅದಕ್ಕೆ ನಾನು ಕೊಡುವ ಮದ್ದು ಒಂದೇ: ಇಟಾಲಿಯನ್ ಶಬ್ದವನ್ನು ಒಮ್ಮೆ ಕನ್ನಡ ಲಿಪಿಯಲ್ಲಿ ಬರೆದು ನೋಡಿ, ಒತ್ತು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ.

ಮೂರನೆಯದು 'ಎ' ಮತ್ತು 'ಒ' ಸ್ವರಗಳ ಎರಡೆರಡು ರೂಪ. ಮಲ್ಪೆಯ ರಫ್ತು ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿನಿಯೊಬ್ಬರು ಫೋನಿನಲ್ಲಿ ಖರೀದಿದಾರರಿಗೆ ಮಳೆಗಾಲದ ನಿಷೇಧದ ಕಾರಣ 'ಪೆಸ್ಕಾ' ನಿಂತಿದೆ ಎಂದು ಹೇಳಿದರು. ಬಾಯಿ ಕಿರಿದು ಮಾಡಿ ಹೇಳಿದರೆ ಆ ಶಬ್ದಕ್ಕೆ ಮೀನುಗಾರಿಕೆ ಎಂಬ ಅರ್ಥ. ಬಾಯಿ ತೆರೆದು ಹೇಳಿದರೆ ಪೀಚ್ ಹಣ್ಣು. ಇವರು ಬಾಯಿ ತೆರೆದು ಹೇಳಿದ್ದರು. ಆ ಕಡೆಯಿಂದ ನಗುತ್ತ, 'ನಿಮ್ಮಲ್ಲಿ ಪೀಚ್ ಕೂಡ ಬೆಳೆಯುತ್ತದೆಯೇ' ಎಂಬ ಪ್ರಶ್ನೆ ಬಂತು. ಮರುದಿನ ಅವರು ಇದನ್ನು ಹೇಳಿದಾಗ ನಾನು ಕೇಳಿದ್ದು ಒಂದೇ: 'ನಿಮ್ಮ ಮನೆಮಾತು ಯಾವುದು?' 'ತುಳು' ಎಂದರು. 'ಯಾನ್ ಬತ್ತೆ' ಎಂದು ಹೇಳಿ, ಆಮೇಲೆ 'ಆಯೆ ಬತ್ತೆ' ಎಂದು ಹೇಳಿ ಎಂದೆ. ಬರಹದಲ್ಲಿ ಒಂದೇ ತೆರನಾಗಿ ಕಾಣುವ ಈ ಎರಡು 'ಬತ್ತೆ'ಗಳಲ್ಲಿ ಮೊದಲನೆಯದರ ಕೊನೆಯ ಸ್ವರ ತೆರೆದದ್ದು, ಎರಡನೆಯದರದು ಮುಚ್ಚಿದ್ದು. ನಾನು ಬಂದೆ, ಅವನು ಬಂದ ಎಂಬ ಅರ್ಥಭೇದ ಆ ಸ್ವರವೊಂದರ ಮೇಲೆಯೇ ನಿಂತಿದೆ. ಅವರು ಎರಡನ್ನೂ ಮೂರು ಮೂರು ಸಲ ಹೇಳಿಕೊಂಡು, ಬಳಿಕ ಎರಡು 'ಪೆಸ್ಕಾ'ಗಳನ್ನು ಹೇಳಿದರು. ಅಲ್ಲಿಗೆ ಆ ಪಾಠ ಮುಗಿಯಿತು. ಮಂಗಳೂರಿನ ಕೊಂಕಣಿ ಆಡುವವರಿಗೂ ಈ ಭೇದ ಮನೆಯಲ್ಲಿಯೇ ಸಿದ್ಧವಾಗಿದೆ. ಇಟಲಿಯಲ್ಲಿಯೇ ಪ್ರಾಂತದಿಂದ ಪ್ರಾಂತಕ್ಕೆ ಈ ಸ್ವರಗಳು ಬದಲಾಗುತ್ತವೆ, ಆದ್ದರಿಂದ ಇದಕ್ಕಾಗಿ ನಿದ್ದೆಗೆಡುವ ಅಗತ್ಯವಿಲ್ಲ.

ನಿಜವಾಗಿ ನಮ್ಮನ್ನು ಹಿಡಿದುಕೊಡುವುದು ನಾಲ್ಕನೆಯದಾದ ಘಾತ, ಅಂದರೆ ಶಬ್ದದ ಯಾವ ಅಕ್ಷರದ ಮೇಲೆ ಭಾರ ಬೀಳಬೇಕು ಎಂಬುದು. ಕನ್ನಡದಲ್ಲಿ ಇದಕ್ಕೆ ಅರ್ಥಭೇದದ ಕೆಲಸವಿಲ್ಲ, ಇಟಾಲಿಯನ್‌ನಲ್ಲಿ ಇದೆ. 'ಆಂಕೊರಾ' ಎಂದು ಮೊದಲಲ್ಲಿ ಒತ್ತಿದರೆ ಲಂಗರು, 'ಅಂಕೋರಾ' ಎಂದು ನಡುವೆ ಒತ್ತಿದರೆ ಇನ್ನೂ ಎಂಬ ಅರ್ಥ. 'ಅವರು ಮಾತಾಡುತ್ತಾರೆ' ಎಂಬುದಕ್ಕೆ 'ಪಾರ್ಲನೊ' ಎಂದು ಮೊದಲಲ್ಲಿಯೇ ಭಾರ ಹಾಕಬೇಕು. 'ಪರ್ಲಾನೊ' ಎಂದರೆ ಕೇಳುವವರ ಹುಬ್ಬು ಗಂಟಾಗುತ್ತದೆ. ಇದಕ್ಕೆ ಅಡ್ಡದಾರಿಯಿಲ್ಲ, ಶಬ್ದವನ್ನು ಕಲಿಯುವಾಗಲೇ ಘಾತದ ಸಮೇತ ಕಲಿಯಬೇಕು.

ಕೊಂಜುಂತಿವೊ ಎಂಬ ಕ್ರಿಯಾರೂಪವನ್ನು ಎಲ್ಲಿ ಬಳಸಬೇಕು ಎಂಬುದು ಎಷ್ಟು ನಿಯಮ ಬಾಯಿಪಾಠ ಮಾಡಿದರೂ ಹತ್ತುವುದಿಲ್ಲ.

ನಿಯಮಗಳ ಪಟ್ಟಿಯನ್ನು ಕೆಳಗಿಡಿ. 'ಅವನು ಬಂದನು' ಎನ್ನುವುದಕ್ಕೂ 'ಅವನು ಬಂದಾನು' ಎನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ. ಶಾಲೆಯಲ್ಲಿ ಇದನ್ನು ಸಂಭಾವನಾರ್ಥಕ ರೂಪ ಎಂದು ಕಲಿತಿದ್ದೇವೆ. ಇಟಾಲಿಯನ್ ಭಾಷೆಯು ನಡೆದ ಸಂಗತಿಯನ್ನೂ ಮನಸ್ಸಿನಲ್ಲಿ ಮಾತ್ರ ಇರುವ ಸಂಗತಿಯನ್ನೂ ಹೀಗೆಯೇ ಬೇರೆಬೇರೆ ರೂಪಗಳಲ್ಲಿ ಇಡುತ್ತದೆ. ಎರಡೂ ಒಂದಕ್ಕೊಂದು ಅಕ್ಷರಶಃ ಹೊಂದುವುದಿಲ್ಲ, ಆದರೆ ಕಣ್ಣು ತೆರೆಯುವುದಕ್ಕೆ ಇಷ್ಟು ಸಾಕು.

ನಾನು ಪಾಠದಲ್ಲಿ ಬಳಸುವ ಉದಾಹರಣೆ ಇದು. 'ಚೆರ್ಕೊ ಉನಾ ಪೆರ್ಸೊನಾ ಕೆ ಸಾ ಇಲ್ ತುಳು' ಎಂದರೆ ತುಳು ಬಲ್ಲ ಒಬ್ಬರು ಇದ್ದಾರೆ, ಅವರು ಯಾರೆಂದು ನನಗೆ ಗೊತ್ತು, ಅವರನ್ನು ಹುಡುಕುತ್ತಿದ್ದೇನೆ ಎಂದರ್ಥ. 'ಸಾ' ಬದಲು ಕೊಂಜುಂತಿವೊ ರೂಪವಾದ 'ಸಾಪ್ಪಿಯಾ' ಹಾಕಿದರೆ, ತುಳು ಬಲ್ಲವರು ಯಾರಾದರೂ ಸಿಗುತ್ತಾರೆಯೇ ಎಂಬ ಅರ್ಥ ಬರುತ್ತದೆ. ಅಂಥವರು ಇರಲೂಬಹುದು, ಇಲ್ಲದಿರಲೂಬಹುದು. ಕನ್ನಡದಲ್ಲಿ 'ಯಾರಾದರೂ' ಎಂಬುದು ಮಾಡುವ ಕೆಲಸವನ್ನು ಅಲ್ಲಿ ಕ್ರಿಯಾಪದವೇ ಮಾಡುತ್ತದೆ. ಈ ವಾಕ್ಯಜೋಡಿಯನ್ನು ಅರಗಿಸಿಕೊಂಡವರಿಗೆ ಉಳಿದ ಎಷ್ಟೋ ನಿಯಮಗಳು ತಾವಾಗಿ ತಿಳಿಯುತ್ತವೆ.

ಷರತ್ತಿನ ವಾಕ್ಯಗಳಲ್ಲಿ ಒಂದು ಸೋಜಿಗವಿದೆ. 'ಗೊತ್ತಿದ್ದರೆ ಬರುತ್ತಿದ್ದೆ' ಎಂಬುದಕ್ಕೆ ಪುಸ್ತಕದ ಇಟಾಲಿಯನ್ 'ಸೆ ಲವೆಸ್ಸಿ ಸಪೂತೊ, ಸರೇಯಿ ವೆನೂತೊ'. ಬೀದಿಯಲ್ಲಿ ಜನ ಹೇಳುವುದು 'ಸೆ ಲೊ ಸಪೇವೊ, ವೆನೀವೊ'. ಈ 'ವೆನೀವೊ' ಎಂಬ ರೂಪದ ಮೂಲ ಅರ್ಥವೇ 'ಬರುತ್ತಿದ್ದೆ'. ದಿನಾ ಬರುತ್ತಿದ್ದೆ ಎನ್ನಲೂ ಅದೇ ರೂಪ, ಗೊತ್ತಿದ್ದರೆ ಬರುತ್ತಿದ್ದೆ ಎನ್ನಲೂ ಅದೇ ರೂಪ, ಥೇಟ್ ಕನ್ನಡದಂತೆ. ಮಾತಿನಲ್ಲಿ ಇದನ್ನು ಧಾರಾಳವಾಗಿ ಬಳಸಿ, ಪರೀಕ್ಷೆಯ ಬರವಣಿಗೆಯಲ್ಲಿ ಮಾತ್ರ ಬೇಡ.

ಪತ್ರಿಕೆ ಓದುವಾಗ 'ಸರೆಬ್ಬೆ', 'ಅವ್ರೆಬ್ಬೆ' ಎಂದು ಷರತ್ತೇ ಇಲ್ಲದ ಕಡೆ ಷರತ್ತಿನ ರೂಪ ಬರುತ್ತದಲ್ಲ, ಅದು ಏನು?

ಅದು ನಮ್ಮ 'ಅಂತೆ'. 'ಇಲ್ ಮಿನಿಸ್ತ್ರೊ ಸರೆಬ್ಬೆ ಪ್ರೊಂತೊ ಅ ದಿಮೆತ್ತೆರ್ಸಿ' ಎಂದರೆ ಸಚಿವರು ರಾಜೀನಾಮೆಗೆ ಸಿದ್ಧರಿದ್ದಾರಂತೆ. ಸುದ್ದಿ ನನ್ನದಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ, ಹೊಣೆ ನನ್ನ ಮೇಲಿಲ್ಲ ಎಂದು ಪತ್ರಕರ್ತರು ಕೈತೊಳೆದುಕೊಳ್ಳುವ ರೀತಿ. ಇದೇ ಜಾಡಿನಲ್ಲಿ, ಭವಿಷ್ಯತ್ಕಾಲದ 'ಸರಾನ್ನೊ ಲೆ ಒತ್ತೊ' ಎಂಬುದು ಭವಿಷ್ಯವನ್ನು ಹೇಳುತ್ತಿಲ್ಲ. ಗಡಿಯಾರ ನೋಡದೆ 'ಈಗ ಎಂಟು ಗಂಟೆ ಆಗಿದ್ದೀತು' ಎಂದು ಊಹಿಸುತ್ತಿದೆ.

ಕನ್ನಡದಿಂದಾಗಿಯೇ ನಾವು ಮಾಡುವ ತಪ್ಪುಗಳೂ ಇರಬೇಕಲ್ಲವೇ?

ಬೇಕಾದಷ್ಟಿವೆ. ಮೊದಲನೆಯದು, 'ಊಟ ಮಾಡಿ ಹೊರಟೆ' ಎಂಬುದನ್ನು 'ಮಂಜಾಂದೊ ಸೊನೊ ಉಶೀತೊ' ಎಂದು ಹೇಳುವುದು. ಅದು ಇಟಾಲಿಯನ್ನರ ಕಿವಿಗೆ ಊಟ ಮಾಡುತ್ತಾ ಹೊರಟೆ, ಅಂದರೆ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಾಗಿಲು ದಾಟಿದೆ ಎಂದು ಕೇಳಿಸುತ್ತದೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಹೇಳಲು 'ದೋಪೊ ಅವೆರ್ ಮಂಜಾತೊ' ಎನ್ನಬೇಕು. ಎದ್ದು, ಮುಖ ತೊಳೆದು, ಚಹಾ ಕುಡಿದು, ಬಸ್ಸು ಹಿಡಿದು ಎಂದು ಸರಪಣಿ ಕಟ್ಟುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು.

ಎರಡನೆಯದು ಇನ್ನೂ ಗಟ್ಟಿಯಾದದ್ದು. ಮೀನು ಕೊಯ್ದ ಚೂರಿ, ಮೀನು ತಂದ ಬುಟ್ಟಿ, ಮೀನು ಕೊಟ್ಟ ಹೆಂಗಸು: ಕನ್ನಡದಲ್ಲಿ ಈ ಮೂರರ ರಚನೆ ಒಂದೇ. ಚೂರಿ ಕೊಯ್ಯುವ ಸಾಧನ, ಬುಟ್ಟಿ ತುಂಬುವ ಜಾಗ, ಹೆಂಗಸು ಕೊಟ್ಟವಳು ಎಂಬುದನ್ನು ಕೇಳುವವರೇ ಊಹಿಸಿಕೊಳ್ಳುತ್ತಾರೆ. ಇಟಾಲಿಯನ್‌ನಲ್ಲಿ ಊಹೆಗೆ ಬಿಡುವುದಿಲ್ಲ. ಚೂರಿಗೆ 'ಕೊನ್ ಕೂಯಿ', ಬುಟ್ಟಿಗೆ 'ಇನ್ ಕೂಯಿ', ಹೆಂಗಸಿಗೆ ಬರಿಯ 'ಕೆ'. ನಮ್ಮವರು ಎಲ್ಲಕ್ಕೂ 'ಕೆ' ಹಾಕಿ ಮುಂದೆ ಹೋಗುತ್ತಾರೆ. ಇಟಾಲಿಯನ್ನರೂ ಆಡುಮಾತಿನಲ್ಲಿ ಕೆಲವೊಮ್ಮೆ ಹಾಗೆ ಮಾಡುತ್ತಾರೆ, ಆದರೆ ಅವರಿಗೆ ಸಲ್ಲುವ ರಿಯಾಯಿತಿ ಪರೀಕ್ಷೆ ಬರೆಯುವ ನಮಗೆ ಸಲ್ಲುವುದಿಲ್ಲ.

ಮೂರನೆಯದು, ನಾಮಪದಕ್ಕೆ ಮೊದಲು ಬರುವ 'ಇಲ್', 'ಉನ್' ಮುಂತಾದವು. ಇವು ಕನ್ನಡದಲ್ಲಿ ಇಲ್ಲವೆಂದು ಕೈಚೆಲ್ಲಬೇಡಿ. 'ಪುಸ್ತಕ ಓದಿದೆ' ಮತ್ತು 'ಪುಸ್ತಕವನ್ನು ಓದಿದೆ' ಎಂಬಲ್ಲಿ ಎರಡನೆಯದು ಇಬ್ಬರಿಗೂ ಗೊತ್ತಿರುವ ಒಂದು ನಿರ್ದಿಷ್ಟ ಪುಸ್ತಕ. 'ಅನ್ನು' ಬೇಕೆನಿಸಿದ ಕಡೆ 'ಇಲ್' ಹಾಕಿ ನೋಡಿ, ಹೆಚ್ಚಿನ ಸಲ ಸರಿಯಾಗುತ್ತದೆ. ಅಂದ ಹಾಗೆ, ನಮ್ಮಂತೆ ಕರ್ಮಪದವನ್ನು ವಾಕ್ಯದ ಮೊದಲಿಗೆ ತಂದರೆ ಕ್ರಿಯಾಪದಕ್ಕೆ ಮೊದಲು ಅದರ ಸರ್ವನಾಮವನ್ನೂ ಇಡಬೇಕು: 'ಇಲ್ ಲೀಬ್ರೊ ಲೊ ಲೆತ್ತೊ'. ಆ ಪುಟ್ಟ 'ಲ' ಬಿಟ್ಟುಹೋದರೆ ವಾಕ್ಯ ಕುಂಟುತ್ತದೆ.

'ತು' (ನೀನು) ಮತ್ತು 'ಲೇಯಿ' (ಗೌರವದ ನೀವು), ಇವುಗಳಲ್ಲಿ ಯಾವುದನ್ನು ಯಾರಿಗೆ ಬಳಸಬೇಕು?

'ನೀವು' ಎಂಬುದು ಬಹುವಚನವಾದ್ದರಿಂದ ನಮ್ಮವರು ಗೌರವಕ್ಕೆ ಅಲ್ಲಿನ ಬಹುವಚನವಾದ 'ವೋಯಿ' ಬಳಸಲು ಹೋಗುತ್ತಾರೆ. ದಕ್ಷಿಣ ಇಟಲಿಯಲ್ಲಿ ಅದು ಇನ್ನೂ ಕೇಳಿಬರುತ್ತದೆ. ಫ್ಯಾಸಿಸ್ಟ್ ಸರ್ಕಾರವಂತೂ 1938ರಲ್ಲಿ 'ಲೇಯಿ' ಬಿಟ್ಟು 'ವೋಯಿ' ಬಳಸಬೇಕೆಂದು ಆಜ್ಞೆಯನ್ನೇ ಹೊರಡಿಸಿತ್ತು. ಇಂದಿನ ಶಿಷ್ಟ ರೂಪ 'ಲೇಯಿ'. ಅದರ ಕ್ರಿಯಾಪದ ಪ್ರಥಮಪುರುಷ ಏಕವಚನದಲ್ಲಿರುತ್ತದೆ ಎಂಬುದು ನೆನಪಿರಲಿ. ನಮ್ಮವರ ನಿಜವಾದ ಕಷ್ಟ ವ್ಯಾಕರಣದ್ದಲ್ಲ. ವಯಸ್ಸಿನಲ್ಲಿ ಹಿರಿಯರಾದ ಸಹೋದ್ಯೋಗಿಯೊಬ್ಬರು 'ಚಿ ದಿಯಾಮೊ ದೆಲ್ ತು?', ಅಂದರೆ ಏಕವಚನದಲ್ಲಿ ಮಾತಾಡೋಣವೇ ಎಂದು ಕೇಳಿದಾಗ ನಮ್ಮ ನಾಲಿಗೆ ಏಳುವುದಿಲ್ಲ. ಅಲ್ಲಿ ಅದು ಸ್ನೇಹದ ಆಹ್ವಾನ. ಒಪ್ಪಿಕೊಳ್ಳದೆ ಗೌರವ ಮುಂದುವರಿಸಿದರೆ ಅವರಿಗೆ ನೀವು ದೂರ ಇಟ್ಟಂತೆ ಆಗುತ್ತದೆ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಎಷ್ಟು ಶಬ್ದಗಳು ಗೊತ್ತಿರಬೇಕು?

ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ ಅವರು ಸಿದ್ಧಪಡಿಸಿದ ಮೂಲ ಶಬ್ದಗಳ ಪಟ್ಟಿಯ 2016ರ ಪರಿಷ್ಕರಣದಲ್ಲಿ ಸುಮಾರು 7,000 ಶಬ್ದಗಳಿವೆ. ಅವುಗಳಲ್ಲಿ ಸುಮಾರು 2,000 ಶಬ್ದಗಳು ಅತ್ಯಗತ್ಯವಾದವು. ಬಿ2 ಬಂದವರು ಈ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ ತೂತುಗಳನ್ನು ಮುಚ್ಚಿಕೊಳ್ಳಬಹುದು. ಆದರೆ ಹೊಸ ಶಬ್ದಗಳಿಗಿಂತ ಹಳೆಯ ಶಬ್ದಗಳ ಹೊಸ ಮೈತ್ರಿಗಳೇ ಈ ಹಂತದಲ್ಲಿ ಮುಖ್ಯ. 'ಫಾರೆ' ಎಂದರೆ ಮಾಡು ಎಂಬುದು ಮೊದಲ ವಾರದ ಪಾಠ. 'ನೊನ್ ಚೆ ಲಾ ಫಾಚ್ಚೊ' ಎಂದರೆ ಇನ್ನು ನನ್ನಿಂದಾಗದು. 'ಪ್ರೆಂದೆರ್ಸೆಲಾ' ಎಂದರೆ ಮನಸ್ಸಿಗೆ ಹಚ್ಚಿಕೊಳ್ಳುವುದು, 'ಕವಾರ್ಸೆಲಾ' ಎಂದರೆ ಹೇಗೋ ಸುಧಾರಿಸಿಕೊಂಡು ಹೋಗುವುದು. ಇಂಥವನ್ನು ವಾರಕ್ಕೆ ಎರಡರಂತೆ, ನಿಮ್ಮ ಬದುಕಿನ ವಾಕ್ಯವೊಂದರಲ್ಲಿ ಕೂರಿಸಿ ಕಲಿಯಿರಿ. ಶಬ್ದಾರ್ಥಕ್ಕೆ ಅಂತರಜಾಲದಲ್ಲಿ ಉಚಿತವಾಗಿರುವ ತ್ರೆಕ್ಕಾನಿ ನಿಘಂಟನ್ನು ನೋಡಿ, ಇಂಗ್ಲಿಷ್ ಅರ್ಥಕೋಶವನ್ನು ಕಪಾಟಿನಲ್ಲಿಡಿ. ಬಳಕೆಯ ಸಂದೇಹಗಳಿಗೆ ಫಿರೆಂತ್ಸೆಯಲ್ಲಿ (ಫ್ಲಾರೆನ್ಸ್) 1583ರಲ್ಲಿ ಆರಂಭವಾದ ಅಕ್ಕಾದೇಮಿಯಾ ದೆಲ್ಲಾ ಕ್ರುಸ್ಕಾ ಎಂಬ ಭಾಷಾ ಸಂಸ್ಥೆ ಇಂದಿಗೂ ಸಾರ್ವಜನಿಕರಿಗೆ ಉತ್ತರ ಬರೆಯುತ್ತದೆ. ಆ ಉತ್ತರಗಳನ್ನು ಓದುವುದೇ ಒಳ್ಳೆಯ ಸಿ1 ಅಭ್ಯಾಸ.

ನಾಪೊಲಿಯವರ (ನೇಪಲ್ಸಿನವರ) ಮಾತು ಒಂದಕ್ಷರವೂ ಅರ್ಥವಾಗಲಿಲ್ಲ. ನನ್ನ ಇಟಾಲಿಯನ್ ಸರಿಯಿಲ್ಲವೇ?

ಕನ್ನಡ ಕಲಿತು ಮಂಗಳೂರಿಗೆ ಬಂದವರು ಇಲ್ಲಿನ ಬಸ್ಸಿನಲ್ಲಿ ತುಳು ಕೇಳಿ, ತಮ್ಮ ಕನ್ನಡ ಸರಿಯಿಲ್ಲವೇನೋ ಎಂದು ಕೊರಗಿದಂತಾಯಿತು. ನಾಪೊಲಿ, ವೆನೆತ್ಸಿಯಾ, ಸಿಚಿಲಿಯಾಗಳ ಮಾತುಗಳನ್ನು ಅವರು 'ದಿಯಾಲೆತ್ತೊ' ಎಂದು ಕರೆದರೂ ಅವು ಇಟಾಲಿಯನ್ ಭಾಷೆ ಕೆಟ್ಟು ಆದವಲ್ಲ, ಲ್ಯಾಟಿನ್‌ನಿಂದ ನೇರವಾಗಿ ಬಂದ ಸೋದರ ಭಾಷೆಗಳು. 1861ರಲ್ಲಿ ಇಟಲಿ ಒಂದು ರಾಷ್ಟ್ರವಾದಾಗ ಇಟಾಲಿಯನ್ ಆಡಬಲ್ಲವರು ಶೇಕಡಾ 2.5ರಷ್ಟಿದ್ದರು ಎಂದು ದೆ ಮೌರೊ ಅಂದಾಜಿಸಿದ್ದಾರೆ. 1999ರ 482ನೇ ಕಾನೂನು ಸಾರ್ದೊ, ಫ್ರಿಯುಲಾನೊ ಮೊದಲಾದ 12 ಅಲ್ಪಸಂಖ್ಯಾತ ಭಾಷೆಗಳಿಗೆ ರಕ್ಷಣೆ ಕೊಟ್ಟಿತು. ನಾಪೊಲಿಯ ಮಾತು ಆ ಪಟ್ಟಿಯಲ್ಲಿಲ್ಲ. 1992ರಲ್ಲಿ ಕೊಂಕಣಿ ಎಂಟನೇ ಪರಿಚ್ಛೇದಕ್ಕೆ ಸೇರಿ, ತುಳು ಹೊರಗೆ ಉಳಿದದ್ದನ್ನು ಕಂಡ ನಮಗೆ ಈ ರಾಜಕೀಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಂತೀಯ ಮಾತನ್ನು ಆಡಲು ಕಲಿಯಬೇಕಾಗಿಲ್ಲ, ಅದು ಪ್ರಾಂತೀಯ ಮಾತೆಂದು ಗುರುತಿಸಲು ಬಂದರೆ ಸಾಕು.

ಯಾವ ಪರೀಕ್ಷೆ ಬರೆಯಬೇಕು?

ಮೊದಲು ಯಾವುದಕ್ಕಾಗಿ ಎಂದು ಕೇಳಿಕೊಳ್ಳಿ. ಮದುವೆಯಿಂದ ಅಥವಾ ಅಲ್ಲಿನ ವಾಸದಿಂದ ಪಡೆಯುವ ಇಟಲಿಯ ಪೌರತ್ವಕ್ಕೆ 2018ರ ಕಾನೂನಿನಿಂದ ಬಿ1 ಬೇಕಾಗಿದೆ. ಇಟಾಲಿಯನ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಸಿ1 ಮತ್ತು ಸಿ2 ಬೇಕಾಗುವುದು ಅನುವಾದಕರಿಗೆ, ಕಲಿಸುವವರಿಗೆ, ಮತ್ತು ನನ್ನಂಥ ಹಟಮಾರಿಗಳಿಗೆ.

ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜಾದ ಚೆಲಿ, ದಾಂತೆ ಅಲಿಗಿಯೆರಿ ಸಂಸ್ಥೆಯ ಪ್ಲೀದಾ, ಇವು ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳು. ಹೆಸರುಗಳಿಂದ ಗಲಿಬಿಲಿಗೊಳ್ಳಬೇಡಿ: ಚಿಲ್ಸ್‌ನಲ್ಲಿ ಸಿ1 ಎಂದರೆ ಮೂರನೆಯ ಮಟ್ಟ, ಚೆಲಿಯಲ್ಲಿ ಅದು ನಾಲ್ಕು. ಚಿಲ್ಸ್‌ನಲ್ಲಿ ಕೇಳುವುದು, ಓದುವುದು, ಭಾಷಾರಚನೆ, ಬರೆಯುವುದು, ಮಾತಾಡುವುದು ಎಂಬ ಐದು ಭಾಗಗಳಿಗೆ ತಲಾ 20 ಅಂಕ, ಪ್ರತಿಯೊಂದರಲ್ಲಿಯೂ ಕನಿಷ್ಠ 11 ಬರಬೇಕು. ಒಂದರಲ್ಲಿ ತೆಗೆದ ಹೆಚ್ಚಿನ ಅಂಕ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ನನಗೆ ಮೊದಲ ಸಲ ಸಿ1 ಬರವಣಿಗೆಯಲ್ಲಿ ಬಂದದ್ದು 10. ನಗರಸಭೆಗೆ ಬರೆಯಬೇಕಾದ ಮನವಿಯಲ್ಲಿ ನಾನು 'ಉನ್ ಸಾಕ್ಕೊ ದಿ ಪ್ರೊಬ್ಲೇಮಿ' ಎಂದು ಬರೆದಿದ್ದೆ. ಕನ್ನಡದಲ್ಲಿ ಹೇಳುವುದಾದರೆ, ಆಯುಕ್ತರಿಗೆ 'ಮೂಟೆಗಟ್ಟಲೆ ತಾಪತ್ರಯ ಉಂಟು ಮಾರಾಯ್ರೆ' ಎಂದು ಅರ್ಜಿ ಹಾಕಿದಂತೆ. ಉತ್ತೀರ್ಣವಾದ ಭಾಗಗಳ ಅಂಕ ಒಂದೂವರೆ ವರ್ಷ ಉಳಿಯುವುದರಿಂದ ಮುಂದಿನ ಸಲ ಅದೊಂದನ್ನೇ ಬರೆದೆ. ಪರೀಕ್ಷಾ ಕೇಂದ್ರ ಮತ್ತು ದಿನಾಂಕಗಳಿಗೆ ನವದೆಹಲಿ ಅಥವಾ ಮುಂಬೈಯಲ್ಲಿರುವ ಇಟಲಿಯ ಸಾಂಸ್ಕೃತಿಕ ಸಂಸ್ಥೆಯನ್ನು ನೇರವಾಗಿ ವಿಚಾರಿಸಿ.

ವಾರಕ್ಕೆ ಎಷ್ಟು ಹೊತ್ತು ಕೊಡಬೇಕು?

ಆರು ಗಂಟೆ. ಹಾಗೆ ಕೊಟ್ಟವರು ಬಿ2ರಿಂದ ಸಿ1ಕ್ಕೆ ಒಂದೂವರೆಯಿಂದ ಎರಡು ವರ್ಷದಲ್ಲಿ ತಲುಪಿದ್ದನ್ನು ಕಂಡಿದ್ದೇನೆ. ದಿನವೂ ಒಂದಿಷ್ಟು ಎಂಬುದು ಭಾನುವಾರ ಒಂದೇ ಸಲ ಆರು ಗಂಟೆ ಕೂರುವುದಕ್ಕಿಂತ ಮೇಲು.

ಮೊಬೈಲಿನ ಅನುವಾದ ಬಳಸಬಹುದೇ?

ಬರೆದು ಮುಗಿಸಿದ ಮೇಲೆ ಹೋಲಿಸಿ ನೋಡಲು ಬಳಸಿ. ಬರೆಯುವ ಮೊದಲೇ ಬಳಸಿದರೆ ಬರೆದವರು ನೀವಾಗಿರುವುದಿಲ್ಲ.

ಮಂಗಳೂರಿನಲ್ಲಿ ಕುಳಿತು ಇಟಾಲಿಯನ್ ಅಭ್ಯಾಸ ಮಾಡಲು ಏನಿದೆ?

ಕೇಳುವುದಕ್ಕೆ ರೇಡಿಯೊ ಇದೆ. ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆಯಾದ ರಾಯ್‌ನ ಮೂರನೇ ರೇಡಿಯೊ ವಾಹಿನಿಯಲ್ಲಿ ಬೆಳಿಗ್ಗೆ ಅಲ್ಲಿನ 7.15ಕ್ಕೆ ಪತ್ರಕರ್ತರೊಬ್ಬರು ಆ ದಿನದ ಪತ್ರಿಕೆಗಳನ್ನು ಓದಿ ಹೇಳುತ್ತಾರೆ, ಆಮೇಲೆ ಕೇಳುಗರು ಫೋನ್ ಮಾಡಿ ಜಗಳವಾಡುತ್ತಾರೆ. ನಮ್ಮ ಗಡಿಯಾರದಲ್ಲಿ ಅದು ಬೇಸಿಗೆಯಲ್ಲಿ 10.45, ಚಳಿಗಾಲದಲ್ಲಿ 11.45. ಪತ್ರಕರ್ತರ ಓದು ಬಿ2ಕ್ಕೆ ಸಾಕು; ಫೋನಿನವರ ಸಿಟ್ಟು ಅರ್ಥವಾದರೆ ಸಿ1 ಹತ್ತಿರವಾಯಿತು ಎಂದು ತಿಳಿಯಬಹುದು.

ಮಾತಾಡುವುದಕ್ಕೆ ನಾನು ವರ್ಗದವರನ್ನು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಕರೆದೊಯ್ಯುತ್ತೇನೆ. ಬೆರ್ಗಮೊ ಸಮೀಪದ ಸ್ತೆತ್ಸಾನೊ ಊರಿನ ಅಂತೊನಿಯೊ ಮೊಸ್ಕೇನಿ ಅವರು 1899ರಲ್ಲಿ ಮಂಗಳೂರಿಗೆ ಬಂದು ಅದರ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿಸಿದರು. ಒಬ್ಬೊಬ್ಬರು ಒಂದೊಂದು ಚಿತ್ರದ ಕೆಳಗೆ ನಿಂತು, ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಿರಬಹುದು, ಆಮೇಲೆ ಏನಾಗಿದ್ದೀತು ಎಂದು ಮೆಲುದನಿಯಲ್ಲಿ ಐದು ನಿಮಿಷ ವಿವರಿಸಬೇಕು. ಊಹೆಯ ರೂಪಗಳೆಲ್ಲ ತಾವಾಗಿ ಹೊರಬರುತ್ತವೆ.

ಓದುವುದಕ್ಕೆ, ಸಿ1 ದಾಟಿದವರಿಗೆ ಮಾತ್ರ, ರೋಮ್‌ನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನು ಕೊಡುತ್ತೇನೆ. 1623ರಲ್ಲಿ ಆತ ಇಕ್ಕೇರಿಯನ್ನು ನೋಡಿಕೊಂಡು ನಮ್ಮ ಕರಾವಳಿಗೆ ಇಳಿದವನು. ಕದ್ರಿಯ ಜೋಗಿಗಳನ್ನು ಕಂಡು ಬಂದ, ಉಳ್ಳಾಲದ ರಾಣಿ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದಾಗ ದಾರಿಯಲ್ಲಿ ಅವಳೊಡನೆ ಮಾತಾಡಿದ, ಎಲ್ಲವನ್ನೂ ನಾಪೊಲಿಯ ಗೆಳೆಯನಿಗೆ ಬರೆದ. ನಾಲ್ಕು ಶತಮಾನ ಹಿಂದಿನ ಇಟಾಲಿಯನ್, ವಾಕ್ಯಗಳು ಅರ್ಧ ಪುಟದಷ್ಟು ಉದ್ದ, ಪಠ್ಯಪುಸ್ತಕದಲ್ಲಿ ಸತ್ತಂತಿರುವ 'ಪಸ್ಸಾತೊ ರೆಮೊತೊ' ಎಂಬ ಭೂತಕಾಲ ಅಲ್ಲಿ ಸಾಲು ಸಾಲಾಗಿ ಜೀವಂತ. ಆದರೂ ನಮ್ಮವರು ಬಿಡದೆ ಓದುತ್ತಾರೆ, ಏಕೆಂದರೆ ಅವನು ಹೋದ ದಾರಿಯಲ್ಲಿಯೇ ಅವರ ಮನೆಗಳಿವೆ. ಕಳೆದ ವರ್ಷ ಉಳ್ಳಾಲದ ಒಬ್ಬರು ಒಂದು ಪುಟಕ್ಕೆ ಮೂರು ವಾರ ತೆಗೆದುಕೊಂಡು, ಕೊನೆಗೆ ಅದನ್ನು ಕನ್ನಡಕ್ಕೆ ತಂದರು.

ಇಟಲಿಗೆ ಹೋಗದೆ ಸಿ1 ಸಾಧ್ಯವೇ?

ಸಾಧ್ಯ, ನನ್ನ ವರ್ಗದ ಇಬ್ಬರು ಮಾಡಿದ್ದಾರೆ. ಹೋಗುವ ಅನುಕೂಲವಿದ್ದರೆ ಸಿಯೆನಾ ಅಥವಾ ಪೆರೂಜಾದಂಥ ಸಣ್ಣ ಊರಿನಲ್ಲಿ ಒಂದು ತಿಂಗಳು ಇರಿ. ರೋಮ್‌ನಲ್ಲಿ ಅಂಗಡಿಯವರು ನಿಮ್ಮ ಮುಖ ನೋಡುತ್ತಲೇ ಇಂಗ್ಲಿಷಿಗೆ ತಿರುಗುತ್ತಾರೆ. ಹಾಗೆ ತಿರುಗಿದರೆ, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಇಟಾಲಿಯನ್‌ನಲ್ಲಿ ಹೇಳಿ. ಆ ಒಂದು ಸುಳ್ಳನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟೇ ಕಳುಹಿಸುತ್ತೇನೆ.